ಹಳೇ ಸೀರೆ, ರದ್ದಿ ಕಾಗದ, ಹಿಡಿ ಮೆಂತ್ಯ

ಮನೆಯಲ್ಲೇ ಮಾಡಿಕೊಂಡರೆ ಅಗ್ಗ ಎನ್ನುವ ಮಾತು ಎಷ್ಟು ನಿಜ ಎಂದು ನೋಡಬೇಕಿದ್ದರೆ ಬೆಂಗಳೂರಿನ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ಟಿಗೆ ಒಮ್ಮೆ ಹೋಗಿ ಬರಬೇಕು. ಮಣಿ, ಲೇಸು, ಕುಚ್ಚು, ಕನ್ನಡಿ ಬಿಲ್ಲೆ, ಜರಿ ಪಟ್ಟಿ. ಬಾಗಿಲಿಗೊಂದು ತೋರಣ ಮಾಡೋಣ ಎಂದು ಒಳಹೊಕ್ಕವರು ಎರಡು ಕೈಚೀಲ ತುಂಬಿಸಿಕೊಂಡು ಹೊರಬರುತ್ತಾರೆ. ಚಿಕ್ಕಪೇಟೆಯ ಕಡೆ ನಾಲ್ಕು ಹೆಜ್ಜೆ ನಡೆದರೆ ಸಿದ್ಧ ತೋರಣ ಅದರ ಅರ್ಧ ದುಡ್ಡಿಗೆ ತೂಗಾಡುತ್ತಿರುತ್ತದೆ. ಈಗಂತೂ ಡಬ್ಬಿಯಲ್ಲಿ ತುಂಬಿದ ‘ಕ್ರಾಫ್ಟ್ ಕಿಟ್’ ಮನೆ ಬಾಗಿಲಿಗೇ ಬರುತ್ತದೆ. ನಾಲ್ಕು ಮರದ ತುಂಡು, ಎರಡು ಬಣ್ಣದ ಶೀಶೆ, ಒಂದು ಕುಂಚ. ಬೆಲೆ ನೋಡಿದರೆ ಬಡಗಿಯನ್ನೇ ಕರೆಸಬಹುದಿತ್ತು ಅನ್ನಿಸುತ್ತದೆ.

ಸಾಮಾನು ಕೊಂಡು ತಂದು ಮಾಡುವ ಕೈಕೆಲಸ ಒಂದು ಹವ್ಯಾಸ. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಅದನ್ನು ಉಳಿತಾಯವೆಂದು ಕರೆಯಬೇಕಾಗಿಲ್ಲ. ನಮ್ಮ ಕಡೆ ಮನೆ ಅಲಂಕಾರ ನಿಜವಾಗಿ ಅಗ್ಗವಾಗಿದ್ದದ್ದು ಬೇರೆ ಕಾರಣಕ್ಕೆ. ಮನೆಯಿಂದ ಹೊರಗೆ ಹೋಗಬೇಕಿದ್ದ ವಸ್ತುವನ್ನು ಬಾಗಿಲಲ್ಲೇ ತಡೆದು ಅದಕ್ಕೆ ಇನ್ನೊಂದು ಕೆಲಸ ಹಚ್ಚುತ್ತಿದ್ದರು. ಹರಿದ ಸೀರೆ, ಓದಿ ಮುಗಿದ ಪತ್ರಿಕೆ, ಒಡೆದ ಮಡಕೆ, ನುಚ್ಚಕ್ಕಿ. ಹಳೇ ಸೀರೆಯ ಗಂಟು ಕೊಟ್ಟು ಸ್ಟೀಲ್ ಡಬರಿ ತೆಗೆದುಕೊಳ್ಳುವ ವ್ಯಾಪಾರ ಇವತ್ತಿಗೂ ಬೀದಿಯಲ್ಲಿ ನಡೆಯುತ್ತದೆ. ರದ್ದಿಯವನು ಕೆಜಿ ಲೆಕ್ಕದಲ್ಲಿ ಕಾಗದ ತೂಗಿಸಿಕೊಂಡು ಹೋಗುತ್ತಾನೆ. ಅವರಿಬ್ಬರ ಕೈಗೆ ಹೋಗುವ ಮೊದಲು ಆ ಗಂಟನ್ನು ಒಮ್ಮೆ ಬಿಚ್ಚಿ ನೋಡುವುದು ಈ ಲೇಖನದ ಕೆಲಸ. ನನ್ನದೊಂದು ಷರತ್ತು ಕೂಡ ಇದೆ: ಮಾಡಿದ ವಸ್ತುವಿಗೆ ಮನೆಯಲ್ಲಿ ಏನಾದರೊಂದು ಕೆಲಸ ಇರಬೇಕು.

ಈ ಷರತ್ತು ಸುಮ್ಮನೆ ಹುಟ್ಟಿದ್ದಲ್ಲ. ಎಂಬತ್ತು–ತೊಂಬತ್ತರ ದಶಕದ ನಡುಮನೆಗಳನ್ನು ನೆನಪಿಸಿಕೊಳ್ಳಿ. ಷೋಕೇಸಿನಲ್ಲಿ ಮಣಿಯ ಹಂಸ, ಟಿವಿಯ ಮೇಲೆ ಕ್ರೋಶಾ ಹೊದಿಕೆ, ಮೂಲೆಯಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ, ಬಾಗಿಲ ಹಿಂದೆ ಮೊಳೆಗೆ ತಗುಲಿಸಿದ ವೈರ್ ಬುಟ್ಟಿ. ಟಿವಿ ತೆಳ್ಳಗಾಗಿ ಗೋಡೆ ಹತ್ತಿದ ದಿನ ಹೊದಿಕೆಗೆ ಜಾಗ ತಪ್ಪಿತು. ಹಂಸ ಧೂಳು ಕುಡಿದು ಎಲ್ಲಿಗೋ ಹೋಯಿತು. ವೈರ್ ಬುಟ್ಟಿ ಮಾತ್ರ ಉಳಿಯಿತು, ತರಕಾರಿ ತರುವುದಕ್ಕೆ ಅದರಷ್ಟು ಗಟ್ಟಿ ಚೀಲ ಇನ್ನೊಂದಿಲ್ಲ. ಈಗ ಆ ಷೋಕೇಸಿನ ಜಾಗದಲ್ಲಿ ಬಣ್ಣ ಬಳಿದ ಗಾಜಿನ ಬಾಟಲಿಗಳು ಸಾಲಾಗಿ ನಿಂತಿವೆ. ಅವು ಹಂಸದ ವಂಶದವು ಎಂದೇ ನನ್ನ ಗುಮಾನಿ.

ಮೊದಲು ಕಾಗದ. ಹಳೇ ಮೈಸೂರಿನಲ್ಲೂ ಮಲೆನಾಡಿನಲ್ಲೂ ಅಜ್ಜಿಯರ ಕಾಲದ ಮನೆಗಳಲ್ಲಿ ಒಂದು ಬೂದುಬಣ್ಣದ, ಹಗುರವಾದ, ಬಡಿದರೆ ಡಬಡಬ ಎನ್ನುವ ಬುಟ್ಟಿ ಇರುತ್ತಿತ್ತು. ಬೆತ್ತದ್ದಲ್ಲ, ಬಿದಿರಿನದ್ದಲ್ಲ, ಕಾಗದ ಮತ್ತು ಮೆಂತ್ಯದ್ದು. ಮಾಡುವ ಬಗೆ ಸರಳ, ಆದರೆ ಅವಸರಕ್ಕೆ ಒಗ್ಗುವುದಿಲ್ಲ. ಪತ್ರಿಕೆಯನ್ನು ಸಣ್ಣ ಚೂರುಗಳಾಗಿ ಹರಿದು ಎರಡು ಮೂರು ದಿನ ನೀರಿನಲ್ಲಿ ನೆನೆಹಾಕಬೇಕು, ನಡುವೆ ಒಮ್ಮೆ ನೀರು ಬದಲಿಸಬೇಕು. ಮೆಂತ್ಯವನ್ನು ಹಿಂದಿನ ರಾತ್ರಿಯೇ ನೆನೆಸಿಡಬೇಕು. ಬೆಳಿಗ್ಗೆ ಕಾಗದವನ್ನು ಹಿಂಡಿ, ಮೆಂತ್ಯದ ಜೊತೆ ಸೇರಿಸಿ, ಒರಳಿನಲ್ಲಿ ನುಣ್ಣಗೆ ರುಬ್ಬಬೇಕು. ಒರಳು ಎಲ್ಲರ ಮನೆಯಲ್ಲಿ ಈಗ ಎಲ್ಲಿದೆ? ಟೇಬಲ್‌ಟಾಪ್ ಗ್ರೈಂಡರ್ ಆದೀತು. ಮಿಕ್ಸಿಯಲ್ಲಾದರೆ ಸ್ವಲ್ಪ ಸ್ವಲ್ಪವೇ, ನೀರು ಜಾಸ್ತಿ ಹಾಕಿ; ಇಲ್ಲದಿದ್ದರೆ ಅದರ ಮೋಟಾರು ಸುಟ್ಟು, ಅಗ್ಗದ ಬುಟ್ಟಿ ಮನೆಯ ಅತಿ ದುಬಾರಿ ಬುಟ್ಟಿಯಾದೀತು.

ಮೆಂತ್ಯ ಏಕೆ? ನೆನೆದ ಮೆಂತ್ಯದ ಲೋಳೆ ಕೈಗೆ ಹತ್ತಿದರೆ ಬೇಗ ಹೋಗುವುದಿಲ್ಲ ಎಂಬುದು ದೋಸೆಗೆ ರುಬ್ಬಿದವರಿಗೆಲ್ಲ ಗೊತ್ತು. ಆ ಲೋಳೆ ಗ್ಯಾಲಕ್ಟೋಮನನ್ ಎಂಬ ಸಕ್ಕರೆ ಸರಪಳಿಯದು. ಗೋರಿಕಾಯಿ ಬೀಜದಿಂದ ತೆಗೆಯುವ ಗೌರ್ ಗಮ್ ಕೂಡ ಇದೇ ಜಾತಿಯ ವಸ್ತು, ಕಾಗದದ ಕಾರ್ಖಾನೆಗಳು ಅದನ್ನು ಎಳೆಗಳನ್ನು ಬಿಗಿಯಲೆಂದು ಬಳಸುತ್ತವೆ. ಕಾರ್ಖಾನೆಗೆ ಗೋರಿಕಾಯಿ, ಅಜ್ಜಿಗೆ ಮೆಂತ್ಯ. ಕಹಿಗೆ ಹುಳು ಬರುವುದಿಲ್ಲ ಎಂಬ ನಂಬಿಕೆಯೂ ಸೇರಿತ್ತು. ಪತ್ರಿಕೆಯ ಕಾಗದವೇ ಆಗಬೇಕು. ಮಿರುಗುವ ಮ್ಯಾಗಜಿನ್ ಹಾಳೆ, ಜಾಹೀರಾತಿನ ನುಣುಪು ಕಾಗದ ಬೇಡ. ಅವುಗಳ ಮೇಲೆ ಬಿಳಿಮಣ್ಣಿನ ಲೇಪ ಇರುತ್ತದೆ, ನೆನೆದಾಗ ಅದು ಕೆಸರಾಗಿ ಕೂರುತ್ತದೆಯೇ ಹೊರತು ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳುವುದಿಲ್ಲ. ಒಂದು ಕೆಜಿ ಕಾಗದಕ್ಕೆ ಹೆಚ್ಚುಕಡಿಮೆ ಕಾಲು ಕೆಜಿ ಮೆಂತ್ಯ ಎಂದುಕೊಳ್ಳಿ. ಮುದ್ದೆ ರಾಗಿಮುದ್ದೆಯ ಹದಕ್ಕೆ ಬಂದು, ಹಿಡಿದರೆ ಬಿರುಕು ಬಿಡದಿದ್ದರೆ ಅಳತೆ ಸರಿಯಿದೆ.

ಇನ್ನು ಅಚ್ಚು. ಅಚ್ಚಿಗೊಂದು ಪಾತ್ರೆ ಬೋರಲು ಹಾಕಿ, ಅದರ ಮೇಲೆ ಒದ್ದೆ ಬಟ್ಟೆ ಹೊದಿಸಿ, ಮುದ್ದೆಯನ್ನು ಒಂದೇ ದಪ್ಪಕ್ಕೆ ಮೆತ್ತುತ್ತಾ ಬರಬೇಕು. ಪಾತ್ರೆಯ ಆಯ್ಕೆಯಲ್ಲೇ ಅರ್ಧ ಗೆಲುವಿದೆ. ಕಾಗದ ಒಣಗುತ್ತಾ ಕುಗ್ಗುತ್ತದೆ, ಕುಗ್ಗುತ್ತಾ ಪಾತ್ರೆಯನ್ನು ಅವುಚಿಕೊಳ್ಳುತ್ತದೆ. ಬಾಯಿ ಅಗಲ, ತಳ ಕಿರಿದು ಇರುವ ಪಾತ್ರೆಯಾದರೆ ಬುಟ್ಟಿ ಸಲೀಸಾಗಿ ಜಾರಿ ಬರುತ್ತದೆ. ಕೊಡದಂಥ ಕತ್ತು ಕಿರಿದಾದ ಪಾತ್ರೆಗೆ ಮೆತ್ತಿದರೆ ಬಿಡಿಸಿಕೊಳ್ಳಲು ಬುಟ್ಟಿಯನ್ನೇ ಕುಯ್ಯಬೇಕು. ಅರ್ಧ ಒಣಗಿದಾಗಲೇ ಪಾತ್ರೆಯಿಂದ ತೆಗೆದು ಒಳಭಾಗಕ್ಕೂ ಬಿಸಿಲು ತೋರಿಸಬೇಕು. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ, ಬೂಷ್ಟು ಹಿಡಿಯುತ್ತದೆ. ಶಿವರಾತ್ರಿಯಿಂದ ಯುಗಾದಿವರೆಗಿನ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ್ದು.

ಹಿಂದಿನವರು ಇದರಲ್ಲಿ ಕಾಳು, ಹಪ್ಪಳ, ಸಂಡಿಗೆ ತುಂಬಿಡುತ್ತಿದ್ದರು. ಅದನ್ನು ಮಾತ್ರ ನಾವು ಅನುಸರಿಸದಿರುವುದು ಒಳ್ಳೆಯದು. ಪತ್ರಿಕೆಯ ಶಾಯಿ ಆಹಾರಕ್ಕೆ ತಾಗಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವೇ ಎಚ್ಚರಿಸಿದೆ. ಬೀಗದ ಕೈ, ಚಾರ್ಜರಿನ ಗೋಜಲು, ದಾರದ ಉಂಡೆ, ಮಕ್ಕಳ ಬಣ್ಣದ ಪೆನ್ಸಿಲ್, ಇವುಗಳಿಗೇನೂ ಅಡ್ಡಿಯಿಲ್ಲ. ಉಳಿದ ಮುದ್ದೆ ಇದ್ದರೆ ಅಡುಗೆಗೆ ಬಳಸದ ಹಳೆಯ ಬಿದಿರಿನ ಮೊರದ ಸಂದುಗಳಿಗೆ ಬಳಿಯಿರಿ. ಮೊರಕ್ಕೆ ಮೆಂತ್ಯ ಮೆತ್ತುವುದು ಊರ ಕಡೆ ಇಂದಿಗೂ ಇದೆ, ಕಾಳು ಸಂದಿನಲ್ಲಿ ಸಿಕ್ಕಿಕೊಳ್ಳುವುದಿಲ್ಲ, ಮೊರದ ಬಾಳಿಕೆ ಹೆಚ್ಚುತ್ತದೆ. ಆ ಮೊರ ಮುಂದೆ ಇನ್ನೊಂದು ಕೆಲಸಕ್ಕೆ ಬರಲಿದೆ, ಎಸೆಯಬೇಡಿ.

ಸೀರೆಯ ಗಂಟಿಗೆ ಬರೋಣ. ಮೊದಲು ಹತ್ತಿಯದ್ದು ಯಾವುದು, ಪಾಲಿಯೆಸ್ಟರ್ ಯಾವುದು ಎಂದು ಬೇರ್ಪಡಿಸಬೇಕು. ಅಂಗಡಿಯವರ ಮಾತು ಬೇಡ, ಅಂಚಿನಿಂದ ಒಂದೆಳೆ ಕಿತ್ತು ಕಡ್ಡಿ ಗೀರಿ. ಕಾಗದ ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ಹತ್ತಿ. ಕರಗಿ ಗಟ್ಟಿ ಗುಂಡಾಗಿ ನಿಂತರೆ ಪಾಲಿಯೆಸ್ಟರ್. ಎರಡಕ್ಕೂ ಉಪಯೋಗವಿದೆ, ಆದರೆ ಬೇರೆ ಬೇರೆ. ಹತ್ತಿ ನೀರು ಕುಡಿಯುತ್ತದೆ, ಹಾಗಾಗಿ ಅದು ಕಾಲೊರಸಿಗೆ, ಕೌದಿಗೆ. ಪಾಲಿಯೆಸ್ಟರ್ ನೀರು ಕುಡಿಯುವುದಿಲ್ಲ, ಹತ್ತಿಯಷ್ಟು ಬೇಗ ಬಣ್ಣ ಮಾಸುವುದಿಲ್ಲ, ಸುಕ್ಕಾಗುವುದಿಲ್ಲ. ಪರದೆಗೆ ಅದೇ ಮೇಲು.

ಪರದೆಯ ಲೆಕ್ಕ ಒಂದು ನಿಮಿಷದ್ದು. ಸೀರೆಯ ಉದ್ದ ಸುಮಾರು ಐದೂವರೆ ಮೀಟರ್, ಪನ್ನ ಹೆಚ್ಚುಕಡಿಮೆ 45 ಇಂಚು. ಏಳಡಿ ಎತ್ತರದ ಬಾಗಿಲಿಗೆ ಮೇಲೆ ಕೆಳಗೆ ಮಡಿಕೆ ಸೇರಿ ಎಂಟಡಿ ಹಿಡಿದರೂ ಒಂದು ಸೀರೆಯಲ್ಲಿ ಎರಡು ಪರದೆ, ಮೇಲೆ ಸೆರಗಿನ ತುಂಡು ಉಳಿತಾಯ. ಪರದೆ ನೆರಿಗೆ ನೆರಿಗೆಯಾಗಿ ಇಳಿಯಬೇಕಾದರೆ ಕಿಟಕಿಯ ಅಗಲದ ಒಂದೂವರೆ ಪಟ್ಟು ಬಟ್ಟೆ ಬೇಕು. ಹಾಗಾಗಿ ನಾಲ್ಕಡಿ ಕಿಟಕಿಗೆ ಎರಡು ಪನ್ನ. ಅಂಚು ಹೊಲಿಯುವ ಕೆಲಸವಿಲ್ಲ, ಸೀರೆಗೆ ಅಂಚು ಹುಟ್ಟಿನಿಂದಲೇ ಬಂದಿದೆ. ಉಳಿದ ಸೆರಗು ದಿಂಬಿನ ಗವಸಾಗುತ್ತದೆ. ಇಳಕಲ್ ಸೀರೆಯ ತೋಪುತೆನಿ ಸೆರಗನ್ನು ಮಾತ್ರ ದಿಂಬಿಗೆ ಕತ್ತರಿಸುವ ಮುಂಚೆ ಮನೆಯ ಹಿರಿಯರನ್ನು ಒಂದು ಮಾತು ಕೇಳಿ. ಆಸೆಗೆ ಗುಳೇದಗುಡ್ಡದ ಖಣ ಇದ್ದೇ ಇದೆ. ಒಂದೆರಡು ಖಣದ ತುಂಡನ್ನು ಸಾದಾ ಬಟ್ಟೆಯ ನಡುವೆ ಪಟ್ಟಿಯಾಗಿ ಕೂರಿಸಿದರೆ ಇಡೀ ದಿವಾನ ಎದ್ದು ಕಾಣುತ್ತದೆ.

ಕಾಲೊರಸಿನ ಗಣಿತ ಇದಕ್ಕಿಂತ ಸ್ವಾರಸ್ಯದ್ದು. ಹತ್ತಿ ಸೀರೆಯನ್ನು ಉದ್ದಕ್ಕೆ ಮೂರು ಇಂಚಿನ ಪಟ್ಟಿಗಳಾಗಿ ಹರಿಯಿರಿ. ಕತ್ತರಿ ಬೇಡ; ಒಂದು ಕಚ್ಚು ಹಾಕಿ ಎಳೆದರೆ ನೂಲಿನ ಗುಂಟ ತಾನೇ ನೇರವಾಗಿ ಹರಿದು ಬರುತ್ತದೆ. 45 ಇಂಚಿನ ಪನ್ನದಲ್ಲಿ ಹದಿನೈದು ಪಟ್ಟಿ, ಮೂರು ಮೂರು ಸೇರಿಸಿ ಜಡೆ ಹೆಣೆದರೆ ಐದು ಜಡೆ. ಹೆಣೆದಾಗ ಉದ್ದ ಕಾಲುಭಾಗದಷ್ಟು ತಗ್ಗುತ್ತದೆ. ಐದನ್ನೂ ಒಂದಕ್ಕೊಂದು ಜೋಡಿಸಿ, ಸುರುಳಿ ಸುತ್ತುತ್ತಾ ಪಕ್ಕದ ಸುತ್ತಿಗೆ ದಬ್ಬಣದಲ್ಲಿ ಹೊಲಿಯುತ್ತಾ ಹೋದರೆ ಎರಡಡಿಗೂ ಮೀರಿದ ದುಂಡು ಹಾಸು ಒಂದೇ ಸೀರೆಯಿಂದ ಸಿಗುತ್ತದೆ.

ಇಲ್ಲಿ ಮೊದಲ ಸಲ ಮಾಡುವವರಿಗೆಲ್ಲ ಒಂದು ಪೇಚು ಕಾದಿರುತ್ತದೆ. ಹಾಸು ನೆಲಕ್ಕೆ ಅಂಟದೆ ಅಂಚು ಮೇಲೆದ್ದು ಬೋಗುಣಿಯಾಗುತ್ತದೆ. ಬಟ್ಟೆಯ ದೋಷವಲ್ಲ, ಹೊಲಿಗೆಯ ದೋಷವೂ ಅಲ್ಲ. ಜಡೆ ಒಂದು ಇಂಚು ದಪ್ಪ ಇದ್ದರೆ, ಪ್ರತಿ ಹೊಸ ಸುತ್ತು ಅದರ ಹಿಂದಿನ ಸುತ್ತಿಗಿಂತ ಸುಮಾರು ಆರೂಕಾಲು ಇಂಚು ಉದ್ದ ಬೇಡುತ್ತದೆ. ಹಾಸು ಅಂಗೈಯಗಲ ಇದ್ದಾಗಲೂ ಅಷ್ಟೇ, ಕೋಣೆಯಗಲ ಆದಾಗಲೂ ಅಷ್ಟೇ. ಶಾಲೆಯಲ್ಲಿ ಕಲಿತ ಎರಡು ಪೈ ಆರ್ ಎಂಬುದು ಇಲ್ಲಿ ಬಂದು ಕೂತಿದೆ. ಜಡೆಯನ್ನು ಬಿಗಿಯಾಗಿ ಎಳೆದು ಹೊಲಿದರೆ ಆ ಆರೂಕಾಲು ಇಂಚು ಸಿಗುವುದಿಲ್ಲ, ಹಾಸು ಮೇಲೇಳುತ್ತದೆ. ತೀರಾ ಸಡಿಲ ಬಿಟ್ಟರೆ ಅಂಚು ಅಲೆಯಲೆಯಾಗುತ್ತದೆ. ಆದ್ದರಿಂದ ಕೈಯಲ್ಲಿ ಹಿಡಿದು ಹೊಲಿಯಬಾರದು, ನೆಲದ ಮೇಲೆ ಚಪ್ಪಟೆ ಹಾಸಿಕೊಂಡೇ ಹೊಲಿಯಬೇಕು. ನೆಲವೇ ಲೆಕ್ಕ ಹೇಳುತ್ತದೆ.

ಹಳೇ ಬಟ್ಟೆಯ ಕೆಲಸಗಳಲ್ಲೆಲ್ಲ ದೊಡ್ಡದು ಕೌದಿ. ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆ ಕೌದಿ ಇಲ್ಲದ ಮನೆ ಹುಡುಕುವುದು ಕಷ್ಟವಿತ್ತು. ಹಾಸಲು ಅದೇ, ಹೊದೆಯಲು ಅದೇ, ಚಕ್ಕಡಿಯಲ್ಲಿ ಕೂರಲು ಅದೇ, ಬಾಣಂತಿಗೂ ಕೂಸಿಗೂ ಅದೇ. ಮಹಾನವಮಿ ಹತ್ತಿರ ಬಂದರೆ ಊರಿನ ಕೌದಿಗಳೆಲ್ಲ ಹಳ್ಳಕ್ಕೆ ಹೋಗಿ ತೊಳೆಸಿಕೊಂಡು, ದಂಡೆಯ ಕಲ್ಲು ಮುಳ್ಳುಗಳ ಮೇಲೆ ಒಣಗುತ್ತಿದ್ದವು. ನೀರು ಕುಡಿದ ಕೌದಿ ಎತ್ತಲು ಇಬ್ಬರು ಬೇಕು. “ಕೌದಿ ಹೊಲಸೂದೈತೇನ್ರಿ ಯವ್ವಾ” ಎಂದು ಓಣಿಯಲ್ಲಿ ಕೂಗುತ್ತಾ ಬರುವ ಹೆಂಗಸರಿದ್ದರು, ಕಡಿಮೆಯಾದರೂ ಈಗಲೂ ಇದ್ದಾರೆ. ಮನೆಯ ಕಟ್ಟೆಯ ಮೇಲೆ ಕೂತು, ನಿಮ್ಮದೇ ಹಳೇ ಬಟ್ಟೆಯಲ್ಲಿ ನಿಮಗೆ ಕೌದಿ ಹೊಲಿದುಕೊಟ್ಟು ಮುಂದಿನ ಊರಿಗೆ ಹೋಗುತ್ತಾರೆ.

ಹೊಲಿಗೆ ಒಂದೇ ಬಗೆಯದು: ಸೂಜಿ ಮೇಲೆ, ಸೂಜಿ ಕೆಳಗೆ, ಸಾಲು ಹಿಡಿದು ಟಾಕಿ ಹಾಕುತ್ತಾ ಹೋಗುವುದು. ನೋಡಲು ಏನೂ ಇಲ್ಲ. ಆದರೆ ಕೌದಿಯ ಜೀವವೇ ಈ ಸಾಲುಗಳಲ್ಲಿದೆ. ಒಳಗಿನ ಹಳೇ ಧೋತರ, ಸೀರೆಗಳು ಒಂಟಿಯಾಗಿ ಹಿಡಿದೆಳೆದರೆ ಹರಿಯುವಷ್ಟು ಜೀರ್ಣವಾಗಿರುತ್ತವೆ. ಬೆರಳಗಲಕ್ಕೊಂದು ಸಾಲು ಓಡಿದಾಗ ಎಳೆತದ ಭಾರ ನೂರಾರು ಟಾಕಿಗಳಿಗೆ ಹಂಚಿಹೋಗುತ್ತದೆ, ಒಂದು ಕಡೆ ಬಟ್ಟೆ ಸವೆದರೂ ಅಕ್ಕಪಕ್ಕದ ಸಾಲುಗಳು ಅದನ್ನು ಹಿಡಿದುಕೊಂಡಿರುತ್ತವೆ. ಪದರ ಪದರಗಳ ನಡುವೆ ಸಿಕ್ಕ ಗಾಳಿ ಚಳಿ ತಡೆಯುತ್ತದೆ. ಅಂಗಡಿಯ ಹೊದಿಕೆಯಲ್ಲಿ ಅರಳೆಯೋ ಪಾಲಿಯೆಸ್ಟರ್ ನಾರೋ ಮಾಡುವ ಕೆಲಸವನ್ನು ಇಲ್ಲಿ ನಾಲ್ಕು ಹಳೇ ಸೀರೆಗಳು ಮಾಡುತ್ತವೆ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕವಂದಿ ಇದರ ಸೋದರಿ, ಆದರೆ ಹುಟ್ಟುವ ರೀತಿ ಬೇರೆ. ಆಫ್ರಿಕಾ ಮೂಲದ ಸಿದ್ದಿಯರು ಶತಮಾನಗಳ ಹಿಂದೆ ಪಶ್ಚಿಮ ಕರಾವಳಿಗೆ ಬಂದವರು, ಹಲವರು ಗುಲಾಮರಾಗಿ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ, ಮೂವರೂ ಕವಂದಿ ಹೊಲಿಯುತ್ತಾರೆ. ಕೆಲವರ ಕವಂದಿಯಲ್ಲಿ ಶಿಲುಬೆ, ಕೆಲವರದರಲ್ಲಿ ಅರ್ಧಚಂದ್ರ ಬಂದು ಕೂರುತ್ತದೆ. ತುಂಡುಗಳನ್ನು ಮೊದಲೇ ಜೋಡಿಸಿ ಆಮೇಲೆ ಪದರಕ್ಕೆ ಹೊಲಿಯುವ ಪದ್ಧತಿ ಇಲ್ಲಿಲ್ಲ. ಕೆಳಗೊಂದು ಸೀರೆ ಹಾಸಿ, ಮೂಲೆಯಿಂದ ಶುರುಮಾಡಿ, ಅಂಚಿನ ಗುಂಟ ತುಂಡೊಂದನ್ನು ಇಟ್ಟು, ಅದರ ತುದಿ ಮಡಚಿ, ಹೊಲಿದು, ಅದರ ಮೇಲೆ ಅರೆಬರೆ ಹತ್ತಿಸಿ ಮುಂದಿನ ತುಂಡು ಇಡುತ್ತಾ ಸುತ್ತು ಹಾಕುತ್ತಾರೆ. ಹೊರಗಿನಿಂದ ಒಳಕ್ಕೆ ಸುತ್ತು ಕಿರಿದಾಗುತ್ತಾ ನಡುವಿಗೆ ಬಂದು ಮುಗಿಯುತ್ತದೆ. ನಾಲ್ಕು ಮೂಲೆಗೆ ಬಟ್ಟೆಯನ್ನು ಮುಕ್ಕೋನಾಗಿ ಮಡಚಿ ಮಾಡಿದ ‘ಫೂಲ್’ ಕೂರಿಸದಿದ್ದರೆ ಕವಂದಿ ಮುಗಿದಂತಲ್ಲ.

ಹೊಸಬರಿಗೆ ಕವಂದಿಯ ದಾರಿಯೇ ಸುಲಭ ಎಂದು ನನಗನ್ನಿಸುತ್ತದೆ. ನಕ್ಷೆ ಬೇಡ, ಅಳತೆಪಟ್ಟಿ ಬೇಡ, ತುಂಡುಗಳು ಒಂದೇ ಗಾತ್ರ ಇರಬೇಕಿಲ್ಲ. ಮಂಚಕ್ಕಾಗುವಷ್ಟು ದೊಡ್ಡದಕ್ಕೆ ಕೈ ಹಾಕಿದವರು ಸಾಮಾನ್ಯವಾಗಿ ಅದನ್ನು ಅರ್ಧಕ್ಕೆ ಅಟ್ಟಕ್ಕೇರಿಸುತ್ತಾರೆ. ತೊಟ್ಟಿಲ ಕೂಸಿಗೆ, ಕುರ್ಚಿಯ ಕೂರುಮಣೆಗೆ, ಊಟದ ಮೇಜಿನ ತಟ್ಟೆಯ ಕೆಳಗೆ ಹಾಸುವಷ್ಟು ಸಣ್ಣದರಿಂದ ತೊಡಗಿದರೆ ಕೈ ಕೂರುತ್ತದೆ. ದೊಡ್ಡದು ಬೇಕೇ ಬೇಕಾದರೆ ಹೊಲಿಯುವವರಿಗೆ ದುಡ್ಡು ಕೊಟ್ಟು ಮಾಡಿಸಿ, ಚೌಕಾಸಿ ಬೇಡ. ಬಟ್ಟೆ ಪುಕ್ಕಟೆ ಸಿಕ್ಕಿತೆಂದು ದಿನಗಟ್ಟಲೆ ಬಗ್ಗಿ ಕೂತ ಬೆನ್ನೂ ಪುಕ್ಕಟೆ ಎನ್ನುವ ಲೆಕ್ಕ ನಮ್ಮಲ್ಲಿ ಬಹಳ ಕಾಲ ನಡೆದಿದೆ.

ಗೋಡೆಯ ಮಾತು ಬಂದಾಗ ಸಾಗರ, ಸೊರಬ, ಹೊಸನಗರ, ಸಿದ್ದಾಪುರ ಸೀಮೆಯ ದೀವರ ಹೆಂಗಸರನ್ನು ಬಿಟ್ಟು ಬರೆಯಲಾಗದು. ಅವರ ಹಸೆ ಚಿತ್ತಾರದ ಸಾಮಗ್ರಿ ಪಟ್ಟಿ ನೋಡಿ: ಬಿಳಿಗೆ ನೆನೆಸಿ ಅರೆದ ಅಕ್ಕಿ, ಕೆಂಪಿಗೆ ಕೆಮ್ಮಣ್ಣು, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಪುಂಡಿ ನಾರಿನದು. ಅಂಗಡಿಯಿಂದ ಬಂದದ್ದು ಒಂದೂ ಇಲ್ಲ. ಮದುವೆಯ ಮನೆಯಲ್ಲಿ ವಧೂವರರು ಕೂರುವ ಹಸೆಯ ಹಿಂದಿನ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಗೆರೆ ಎಳೆಯುತ್ತಾರೆ. ಗೆರೆ ಪಕ್ಕ ಗೆರೆ, ಮತ್ತೆ ಗೆರೆ. ಚೌಕದೊಳಗೆ ಚೌಕ, ಏಣಿ, ತೇರು, ದಂಡಿಗೆ, ಅಂಚಿಗೆ ಜೋಗಿಜಡೆಯ ಹೆಣಿಕೆ. ಸ್ಕೇಲ್ ಇಲ್ಲದೆ ಗೋಡೆಯ ಈ ತುದಿಯಿಂದ ಆ ತುದಿಗೆ ಗೆರೆ ನೇರವಾಗಿ ಹೋಗುವುದನ್ನು ನೋಡಿದರೆ, ಚಿತ್ರಕಲಾ ಶಾಲೆಯ ಡಿಪ್ಲೊಮಾದ ಮೇಲೆ ಅನುಮಾನ ಬರುತ್ತದೆ. ಭೂಮಿ ಹುಣ್ಣಿಮೆಗೆ ಹೊಲಕ್ಕೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೂ ಇದೇ ಚಿತ್ತಾರ. ಬಿದಿರು ಬುಟ್ಟಿಗೆ ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ, ಒಣಗಿದ ಮೇಲೆ ಅಕ್ಕಿಯ ಬಿಳಿಯಲ್ಲಿ ಬರೆಯುತ್ತಾರೆ.

ಇದನ್ನು ಬಾಡಿಗೆ ಫ್ಲ್ಯಾಟಿನ ಗೋಡೆಯ ಮೇಲೆ ಹಾಗೆ ಹಾಗೆಯೇ ಬರೆಯಲು ಹೊರಟರೆ ಎರಡು ಅಡ್ಡಿ. ಒಂದು, ಮನೆ ಮಾಲೀಕರು. ಮೊಳೆ ಹೊಡೆದರೇ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವವರು ಕೆಮ್ಮಣ್ಣು ಕಂಡರೆ ಏನೆನ್ನುತ್ತಾರೋ. ಎರಡನೆಯದು ಗೋಡೆಯೇ. ಮಣ್ಣಿನ ಗೋಡೆಯೂ ಸಗಣಿ ಸಾರಿಸಿದ ಬುಟ್ಟಿಯೂ ಒರಟು, ನೀರು ಹೀರುವಂಥವು. ಅಕ್ಕಿಯ ಗಂಜಿ ಆ ಸೂಕ್ಷ್ಮ ರಂಧ್ರಗಳಿಗೆ ಇಳಿದು ಒಣಗಿ ಹಿಡಿದುಕೊಳ್ಳುತ್ತದೆ. ಎಮಲ್ಷನ್ ಬಳಿದ ಗೋಡೆಯ ಮೇಲಿರುವುದು ತೆಳ್ಳನೆಯ ಪ್ಲಾಸ್ಟಿಕ್ ಪೊರೆ, ಅದರ ಮೇಲೆ ಗಂಜಿ ಪುಡಿಯಾಗಿ ಉದುರುತ್ತದೆ. ಸುಣ್ಣದ್ದೂ ಇದೇ ಕಥೆ. ಸುಣ್ಣ ಗೋಡೆಯೊಳಗೆ ಇಳಿದು, ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣದ ಕಲ್ಲಾಗಿ ಗಟ್ಟಿಯಾಗುವ ಬಣ್ಣ. ಎಮಲ್ಷನ್ ಮೇಲೆ ಬಳಿದರೆ ಹೊಪ್ಪಳೆ ಹೊಪ್ಪಳೆಯಾಗಿ ಬಿಡುತ್ತದೆ. ಕಾಂಪೌಂಡಿನ ಬರಿ ಸಿಮೆಂಟ್ ಗೋಡೆ, ಹಿತ್ತಲ ಹೂಕುಂಡಗಳಿಗಾದರೆ ಸುಣ್ಣದಷ್ಟು ಅಗ್ಗದ, ಅಷ್ಟು ಬೆಳ್ಳಗಿನ ಬಣ್ಣ ಇಲ್ಲ. ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಬೆರೆಸಿದರೆ ಬಿಳುಪು ಇನ್ನೂ ಹೆಚ್ಚು. ಕೈಗೆ, ಕಣ್ಣಿಗೆ ಮಾತ್ರ ತಾಗಿಸಿಕೊಳ್ಳಬಾರದು.

ಹಾಗಾದರೆ ಚಿತ್ತಾರ ಎಲ್ಲಿ ಬರೆಯೋಣ? ಎಸೆಯಬೇಡಿ ಎಂದಿದ್ದೆನಲ್ಲ, ಆ ಮೊರದ ಮೇಲೆ. ಮೆಂತ್ಯ ಮೆತ್ತಿದ ಮೊರ ಒರಟಾಗಿ, ಹೀರುವಂತೆಯೇ ಇರುತ್ತದೆ. ಜರಡಿ ಹಿಡಿದ ಕೆಮ್ಮಣ್ಣಿಗೆ ಸ್ವಲ್ಪ ಫೆವಿಕಾಲ್ ಕದಡಿ ಎರಡು ಸಲ ಬಳಿಯಿರಿ. ಅಕ್ಕಿಯನ್ನು ಮೂರ್ನಾಲ್ಕು ಗಂಟೆ ನೆನೆಸಿ, ಬೆಣ್ಣೆಯಂತೆ ಅರೆದು, ಬಟ್ಟೆಯಲ್ಲಿ ಸೋಸಿ, ಎಳೆಯಾಗಿ ಇಳಿಯುವ ಹದಕ್ಕೆ ನೀರು ಬೆರೆಸಿ. ಕುಂಚಕ್ಕೆ ಸೆಣಬಿನ ಹುರಿಯ ತುದಿಯನ್ನು ಜಜ್ಜಿ ಬಿಡಿಸಿಕೊಂಡರಾಯಿತು. ಹಸಿಯಿದ್ದಾಗ ಗೆರೆ ಕಾಣುವುದೇ ಇಲ್ಲ, ನೀರು ನೀರಾಗಿ ಮಂಕಾಗಿರುತ್ತದೆ. ಒಣಗುತ್ತಾ ಬಂದಂತೆ ಬಿಳಿ ಮೇಲೇಳುತ್ತದೆ. ಇದನ್ನು ತಿಳಿಯದೆ ಗೆರೆಯ ಮೇಲೆ ಗೆರೆ ತಿದ್ದಿದರೆ ಕೊನೆಗೆ ದಪ್ಪ ಪಟ್ಟಿ ಉಳಿಯುತ್ತದೆ. ಮೊದಲ ಪ್ರಯತ್ನಕ್ಕೆ ತೇರು, ದಂಡಿಗೆ ಬೇಡ. ಅಂಚಿಗೆ ಎರಡು ಜೊತೆಗೆರೆ, ನಡುವೆ ಏಣಿ, ಅಷ್ಟು ಸಾಕು. ಕೆಂಪು ನೆಲದ ಮೇಲೆ ಬಿಳಿ ಗೆರೆ ಎಷ್ಟು ಕಡಿಮೆ ಇದ್ದರೂ ಚೆಂದವೇ.

ಹಬ್ಬಗಳು ನಮ್ಮ ಮನೆಗಳಿಗೆ ಅಲಂಕಾರದ ಹೆಚ್ಚಿನ ಪಾಠ ಕಲಿಸಿವೆ. ಮೈಸೂರು ಕಡೆಯ ದಸರಾ ಬೊಂಬೆಯ ಮೆಟ್ಟಿಲುಗಳು ಮೂಲದಲ್ಲಿ ಟ್ರಂಕು, ಬೆಂಚು, ಡಬ್ಬ, ಹಳೇ ಪುಸ್ತಕದ ಕಟ್ಟುಗಳು. ಮೇಲೊಂದು ಬಿಳಿ ಪಂಚೆ ಹಾಸಿದರೆ ಅರಮನೆಯ ಸೋಪಾನ. ಕೆಳಗೆ ಮಕ್ಕಳ ‘ಪಾರ್ಕು’: ತಟ್ಟೆಯಲ್ಲಿ ಮಣ್ಣು ಹರಡಿ, ಪಾಡ್ಯಕ್ಕೆ ನಾಲ್ಕೈದು ದಿನ ಮೊದಲೇ ರಾಗಿ ಚೆಲ್ಲಿ ನೀರು ಚಿಮುಕಿಸುತ್ತಾ ಬಂದರೆ ಹಬ್ಬಕ್ಕೆ ಸರಿಯಾಗಿ ಹಸಿರು ಹಾಸು ಸಿದ್ಧ. ಪ್ಲಾಸ್ಟಿಕ್ ಹುಲ್ಲು ಕೊಳ್ಳುವವರ ಮೇಲೆ ನನಗೆ ಸಿಟ್ಟೇನೂ ಇಲ್ಲ, ಮಕ್ಕಳಿಗೆ ಮೊಳಕೆ ಎಣಿಸುವ ಸಂಭ್ರಮ ತಪ್ಪಿತಲ್ಲ ಎಂಬ ಕೊರಗು ಅಷ್ಟೇ.

ದೀಪಾವಳಿಗೆ ಕರಾವಳಿಯವರು ಗೂಡುದೀಪ ಎಂದೂ ಉತ್ತರ ಕರ್ನಾಟಕದವರು ಆಕಾಶಬುಟ್ಟಿ ಎಂದೂ ಕಟ್ಟುವ ಕಾಗದದ ದೀಪವನ್ನು ಎಲ್ಲಕ್ಕೂ ಕೊನೆಗೆ ಇಟ್ಟುಕೊಂಡದ್ದಕ್ಕೆ ಕಾರಣವಿದೆ. ನನಗೆ ತಿಳಿದಂತೆ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ದೊಡ್ಡದಾಗಿ ಕಾಣುವ ಕೈಕೆಲಸ ಇನ್ನೊಂದಿಲ್ಲ. ಮಂಗಳೂರಿನಲ್ಲಿ ಇದಕ್ಕೆ ಸ್ಪರ್ಧೆಗಳೇ ನಡೆಯುತ್ತವೆ. ಅಲ್ಲಿಗೆ ಭತ್ತ, ತೆಂಗಿನ ಗರಿ, ಬೇಳೆಕಾಳು ಅಂಟಿಸಿದ ಗೂಡುದೀಪಗಳೂ ಬರುತ್ತವೆ, ಆದರೆ ಮನೆಗೆ ಹಳೆಯ ಮಾದರಿಯೇ ಸಾಕು.

ಹಳೆಯ ಮಾದರಿಯಲ್ಲಿ ಬೇಕಾದದ್ದು ಒಂದೇ ಉದ್ದದ ಇಪ್ಪತ್ತನಾಲ್ಕು ಬಿದಿರು ಸೀಳು, ಎಂಟರಿಂದ ಹತ್ತು ಇಂಚಿನವು. ಪೊರಕೆಕಡ್ಡಿ ಬೇಡ, ಅದು ಬಳುಕುತ್ತದೆ. ನಾಲ್ಕು ನಾಲ್ಕು ಸೀಳುಗಳನ್ನು ಮೂಲೆಯಲ್ಲಿ ದಾರದಿಂದ ಕಟ್ಟಿ ಆರು ಚೌಕ ಮಾಡಿಕೊಳ್ಳಿ. ಅವುಗಳಲ್ಲಿ ನಾಲ್ಕನ್ನು ಮೂಲೆ ಕೆಳಗಾಗಿ ವಜ್ರದಂತೆ ನಿಲ್ಲಿಸಿ, ಪಕ್ಕದ ಮೂಲೆಗೆ ಪಕ್ಕದ ಮೂಲೆ ಕಟ್ಟಿ ಉಂಗುರ ಮಾಡಿ. ಐದನೆಯ ಚೌಕ ಮೇಲೆ: ಅದರ ನಾಲ್ಕು ಮೂಲೆಗಳನ್ನು ಕೆಳಗಿನ ನಾಲ್ಕು ವಜ್ರಗಳ ನೆತ್ತಿಗೆ ಕಟ್ಟಬೇಕು. ಆರನೆಯದು ಅದೇ ರೀತಿ ತಳಕ್ಕೆ. ಕಟ್ಟುವವರೆಗೂ ಇಡೀ ಚೌಕಟ್ಟು ಕೈಯಲ್ಲಿ ತೊಯ್ದಾಡುತ್ತಿರುತ್ತದೆ. ಚೌಕ ಎಂಬುದೇ ಹಾಗೆ, ಒತ್ತಿದರೆ ವಾಲುತ್ತದೆ. ಕೊನೆಯ ಮೂಲೆ ಬಿಗಿದ ಮೇಲೆ ಅದು ಮೊದಲಿಗಿಂತ ಗಟ್ಟಿಯಾಗಿ ನಿಲ್ಲುತ್ತದೆ, ಏಕೆಂದರೆ ಚೌಕಗಳ ಸಂದಿಯಲ್ಲಿ ಯಾರೂ ಕಟ್ಟದ ಎಂಟು ತ್ರಿಕೋನಗಳು ಅಷ್ಟರಲ್ಲಿ ಹುಟ್ಟಿಕೊಂಡಿರುತ್ತವೆ. ಮೂರು ಕಡ್ಡಿಯ ತ್ರಿಕೋನ ವಾಲಲಾರದು. ಸೇತುವೆಯ ಎಂಜಿನಿಯರುಗಳು ಉಕ್ಕಿನಲ್ಲಿ ಮಾಡುವುದನ್ನೇ ಗೂಡುದೀಪದವರು ಬಿದಿರಿನಲ್ಲಿ ಮಾಡುತ್ತಾರೆ.

ಅಂಟಿಗೆ ಮೈದಾ. ಎರಡು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಕುದಿಸಿದರೆ ಪಾರದರ್ಶಕವಾಗಿ ಗಟ್ಟಿಯಾಗುತ್ತದೆ. ಪಿಷ್ಟದ ಕಣಗಳು ಬಿಸಿನೀರು ಕುಡಿದು ಒಡೆದಾಗಲೇ ಅಂಟು ಬರುವುದು, ತಣ್ಣಗೆ ಕದಡಿದ ಮೈದಾ ಅಂಟುವುದಿಲ್ಲ. ಪುಸ್ತಕ ಕಟ್ಟುವವರು ಹುಳು ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ, ಮಕ್ಕಳು ಜೊತೆಯಲ್ಲಿದ್ದರೆ ಬೇಡ, ನಾಲ್ಕು ದಿನದ ದೀಪಕ್ಕೆ ಅದರ ಅಗತ್ಯವೂ ಇಲ್ಲ. ಚೌಕಗಳಿಗೊಂದು ಬಣ್ಣದ ಗಾಳಿಪಟದ ಕಾಗದ, ತ್ರಿಕೋನಗಳಿಗೆ ಇನ್ನೊಂದು ಬಣ್ಣ. ತೆಳು ಬಣ್ಣ ಹೆಚ್ಚಿರಲಿ. ಕಡುನೀಲಿ, ಕಡುಹಸಿರು ಹಗಲಲ್ಲಿ ಚೆಂದ, ರಾತ್ರಿ ಬೆಳಕನ್ನೆಲ್ಲ ನುಂಗುತ್ತವೆ. ಅಂಟಿಸಿದಾಗ ಕಾಗದ ಸುಕ್ಕು ಸುಕ್ಕಾಗಿ ಕಂಡರೆ ಗಾಬರಿ ಬೇಡ. ಪೂರ್ತಿ ಒಣಗಿದ ಮೇಲೆ ಬಾಯಲ್ಲಿ ನೀರು ಹಿಡಿದು ಇಸ್ತ್ರಿಯವರು ಊದುವಂತೆ ಸಣ್ಣಗೆ ಚಿಮುಕಿಸಿ ಮತ್ತೆ ಒಣಗ ಬಿಡಿ, ಕಾಗದ ಸೆಟೆದುಕೊಳ್ಳುತ್ತದೆ. ಬಣ್ಣ ಬಿಡುವ ಕಾಗದವಾದರೆ ಮೊದಲು ಒಂದು ಚೂರಿನ ಮೇಲೆ ನೋಡಿಕೊಳ್ಳಿ.

ತಳದ ಚೌಕಕ್ಕೆ ಕಾಗದ ಅಂಟಿಸಬಾರದು, ಬಲ್ಬು ಹಾಕಲು, ಗಾಳಿಯಾಡಲು ಅದು ತೆರೆದಿರಬೇಕು. ಅದರ ಅಂಚಿಗೆ ಸಣ್ಣಗೆ ಸೀಳಿದ ಕಾಗದದ ಬಾಲ. ಒಳಗೆ ಎಲ್‌ಇಡಿ ಬಲ್ಬು, ಐದು ವ್ಯಾಟಿನದು ಧಾರಾಳ. ಹಿಂದಿನ ನಲವತ್ತರ, ಅರವತ್ತರ ಬಲ್ಬುಗಳು ಬೆಳಕಿಗಿಂತ ಕಾವನ್ನೇ ಹೆಚ್ಚು ಕೊಟ್ಟು ಕಾಗದ ಕಂದುಗಟ್ಟಿಸುತ್ತಿದ್ದವು. ತುಳಸಿ ಹಬ್ಬ ಕಳೆದ ಮೇಲೆ ಕಾಗದ ಹರಿದು ತೆಗೆದು, ಕಡ್ಡಿಗೆ ಅಂಟಿದ ಚೂರುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಚೌಕಟ್ಟನ್ನು ಅಟ್ಟದಲ್ಲಿ ತೂಗುಹಾಕಿ. ಮುಂದಿನ ವರ್ಷ ನಾಲ್ಕು ಹಾಳೆ ಕಾಗದ, ಎರಡು ಚಮಚ ಮೈದಾ, ಅಷ್ಟೇ ಖರ್ಚು.